ಮೂರು ಗೆರೆಯ ಬಂದೂಕು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಪಿಕರಿಂಗಿನ ಆ ಅಂಗಡಿಯ ಬಾಗಿಲು ಹಸಿರಾಗಿತ್ತೆಂದು ನನ್ನ ನೆನಪು. ದಿನಚರಿಯಲ್ಲಿ ‘ನೀಲಿ ಬಾಗಿಲು’ ಎಂದು ನನ್ನದೇ ಅಕ್ಷರದಲ್ಲಿದೆ. ಅಲ್ಲಿಗೆ ಹೋದದ್ದು ಮಂಗಳವಾರವೋ ಬುಧವಾರವೋ ಎಂಬುದರಲ್ಲೂ ದಿನಚರಿಗೂ ನನಗೂ ಹೊಂದಾಣಿಕೆಯಿಲ್ಲ. ನಾನು ಮನಃಶಾಸ್ತ್ರ ಓದಿದವಳು. ನೆನಪನ್ನು ಪ್ರತಿ ಸಲ ಹೊರಗೆ ತೆಗೆದಾಗಲೂ ನಾವು ಅದನ್ನು ಒಂದಿಷ್ಟು ಹೊಸದಾಗಿ ನೇಯುತ್ತೇವೆ ಎಂದು ಧಾರವಾಡದ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದ್ದೇನೆ. ಹೇಳುವಾಗ ಅದೆಲ್ಲ ಬೇರೆಯವರ ನೆನಪಿನ ಮಾತು ಎಂದುಕೊಂಡಿದ್ದೆ.

ಕೆನಡಾಕ್ಕೆ ಹೋಗಿ ಬಂದೆ ಎಂದರೆ ಎಲ್ಲರೂ ಜಲಪಾತದ ಬಗ್ಗೆ ಕೇಳುತ್ತಾರೆ. ನೋಡಿದೆ. ದೊಡ್ಡದಾಗಿದೆ. ಒದ್ದೆಯಾದೆ. ಅದಕ್ಕಿಂತ ಹೆಚ್ಚಿನದನ್ನು ಅದರ ಬಗ್ಗೆ ಹೇಳಲಾರೆ. ನನಗೆ ಬರೆಯಬೇಕಾಗಿರುವುದು ಒಂದು ಹಳೆಯ ಬೇಟೆ ಬಂದೂಕು ಮಾರಾಟವಾದ ರೀತಿಯನ್ನು, ಅದರಲ್ಲಿ ನನ್ನ ಕೈ ಎಷ್ಟಿತ್ತು ಎಂಬುದನ್ನು.

ಮಾಲ್ಟನ್

ಗುರುಪಾದ ಕಾಕಾ ನನ್ನ ತಂದೆಯ ತಮ್ಮ. ಹುಬ್ಬಳ್ಳಿಯ ವರ್ಕ್‌ಶಾಪೊಂದರಲ್ಲಿ ಲೇಥ್ ಕಲಿತು, ಮದುವೆಯಾದ ಹೊಸದರಲ್ಲಿ ಕೆನಡಾಕ್ಕೆ ಹೋಗಿ, ನಿವೃತ್ತಿಯಾಗುವವರೆಗೂ ಒಂದೇ ಕಾರ್ಖಾನೆಯಲ್ಲಿ ಉಕ್ಕು ಕಡೆದವರು. ಮನೆ ಮಾಲ್ಟನ್ನಿನಲ್ಲಿ, ವಿಮಾನ ನಿಲ್ದಾಣದ ಮಗ್ಗುಲಿಗೇ. ವಿಮಾನಗಳು ಎಷ್ಟು ಕೆಳಗಿಳಿಯುತ್ತವೆಂದರೆ ಅಂಗಳದಲ್ಲಿ ನಿಂತರೆ ಚಕ್ರ ಎಣಿಸಬಹುದು. ಆ ಮನೆಯಲ್ಲಿ ಮಾತನಾಡುವ ಪದ್ಧತಿಯೇ ಬೇರೆ. ಸದ್ದು ಹತ್ತಿರವಾದಾಗ ವಾಕ್ಯದ ನಡುವೆಯೇ ಬಾಯಿ ಮುಚ್ಚಿ, ವಿಮಾನ ದಾಟಿದ ಮೇಲೆ ಬಿಟ್ಟ ಶಬ್ದದಿಂದಲೇ ಮುಂದುವರಿಸುತ್ತಾರೆ. ಮೊದಲೆರಡು ದಿನ ನಾನು ಕಿರುಚಿ ಕಿರುಚಿ ಗಂಟಲು ಕೆಡಿಸಿಕೊಂಡೆ.

“ನಿನ್ನ ವಿಮಾನ ನಮ್ಮ ಮಾಳಗಿ ಮ್ಯಾಲಿಂದನ ಹಾದ್ ಹೋತ ಸುನಂದಿ,” ಎಂದರು ಕಾಕಾ ಬಾಗಿಲಲ್ಲೇ. “ಹಂಗ ಕೆಳಗ ಜಿಗದಿದ್ರ ಟ್ಯಾಕ್ಸಿ ಉಳೀತಿತ್ತು.”

ಅವರ ಹೆಂಡತಿ, ನನ್ನ ಕಾಕು, ತೀರಿಕೊಂಡು ಎರಡು ವರ್ಷವಾಗಿತ್ತು. ಕಾಕಾನ ಮೊಣಕಾಲು ಮೆಟ್ಟಿಲು ಹತ್ತಲು ತಕರಾರು ಮಾಡುತ್ತಿತ್ತು. ಮಗಳು ವಿದ್ಯಾ ಯೂನಿಯನ್‌ವಿಲ್‌ನಲ್ಲಿರುತ್ತಾಳೆ, ಔಷಧ ಅಂಗಡಿಯಲ್ಲಿ ಫಾರ್ಮಸಿಸ್ಟ್. ತನ್ನ ಮನೆಯ ಕೆಳಗಿನ ಕೋಣೆಯನ್ನು ಅಪ್ಪನಿಗಾಗಿ ಅಣಿ ಮಾಡಿದ್ದಳು. ಮಾಲ್ಟನ್ನಿನ ಮನೆ ಮಾರಾಟವಾಗಿ, ತಿಂಗಳ ಕೊನೆಗೆ ಕೀಲಿ ಕೊಡಬೇಕಿತ್ತು. ರಜೆಯಲ್ಲಿ ಬಂದ ನನ್ನ ಕೆಲಸ ಸಾಮಾನು ಕಟ್ಟಲು ಕೈಜೋಡಿಸುವುದು.

ಸೋಫಾ ಒಬ್ಬ ಪಂಜಾಬಿ ವಿದ್ಯಾರ್ಥಿಗೆ, ಹೊಲಿಗೆ ಯಂತ್ರ ಗುಡಿಗೆ, ಕಾಕೂನ ಸೀರೆಗಳು ಹಂಚಿ ಹಂಚಿ ಮೂರು ಮನೆಗೆ ಹೋದವು. ಉಳಿದದ್ದು ಒಂದು.

“Appa, ಅದು ನಮ್ಮ ಮನ್ಯಾಗ ಬ್ಯಾಡ,” ಎಂದಳು ವಿದ್ಯಾ. “ಮಕ್ಕಳ friends ಬರ್ತಾರ, ಹೋಗ್ತಾರ. Locked ಇದ್ರೂ ಬ್ಯಾಡ. I won't sleep.”

“ನಾ ಏನರ ಅಂದೆನ?” ಎಂದರು ಕಾಕಾ. ನಿಜ, ಅವರು ಏನೂ ಅಂದಿರಲಿಲ್ಲ. ವಿದ್ಯಾಳ ಮಾತಿನಲ್ಲಿ ತಪ್ಪೂ ಇರಲಿಲ್ಲ.

ಬೇಸ್‌ಮೆಂಟು

ಲಿಂಗಾಯತರ ಮನೆಯಲ್ಲಿ, ಮೊಟ್ಟೆಯನ್ನೂ ಒಳಗೆ ಬಿಡದ ಕಾಕೂನ ಅಡುಗೆಮನೆಯ ಕೆಳಗೆ, ಬೇಟೆ ಬಂದೂಕು ಇತ್ತೆಂದರೆ ಊರಿನಲ್ಲಿ ಇವತ್ತಿಗೂ ನಂಬುವುದಿಲ್ಲ. ಕಬ್ಬಿಣದ ಬೀರುವಿನ ಬೀಗ ತೆಗೆದು ಕಾಕಾ ಅದನ್ನು ಎರಡೂ ಕೈಯಲ್ಲಿ, ಬಾಣಂತಿ ಕೋಣೆಯಿಂದ ಕೂಸನ್ನು ತರುವಂತೆ ತಂದು ಮೇಜಿನ ಮೇಲಿಟ್ಟರು. ಗುಂಡು ಹಾರಿಸುವ ಕುದುರೆಗೆ ಇನ್ನೊಂದು ಪುಟ್ಟ ಬೀಗ. ಉದ್ದನೆಯ ನಳಿಕೆಯ ಮೇಲೆ ತುದಿಯವರೆಗೂ ಮರದ ಹೊದಿಕೆ. ನಮ್ಮ ಕಡೆ ಬ್ಯಾಂಕಿನ ಮುಂದಿನ ಕಾವಲುಗಾರರ ಹೆಗಲಲ್ಲಿ, ಹಳೆಯ ಪೊಲೀಸರ ಕೈಯಲ್ಲಿ ನೋಡಿದ್ದೆನಲ್ಲ, ಅದೇ ತ್ರೀ ನಾಟ್ ತ್ರೀ.

“ಇಲ್ಲೇ ಮಾಡಿದ್ದು ನೋಡ್ವಾ ಇದು,” ಎಂದರು. “ಯುದ್ಧದ ಕಾಲಕ್ಕ. ಇಲ್ಲೆ ಸರೋವರದ ದಂಡೀಗೆ ಫ್ಯಾಕ್ಟರಿ ಇತ್ತು. ಎಡ್ ಕೊಟ್ಟಾಂವ.”

ಎಡ್ ಅವರ ಫೋರ್‌ಮನ್, ಈಗ ಇಲ್ಲ. ಯುದ್ಧ ಮುಗಿದ ಮೇಲೆ ಸೈನ್ಯದ ಈ ಬಂದೂಕುಗಳು ಅಗ್ಗಕ್ಕೆ ಸಿಗುತ್ತಿದ್ದವಂತೆ. ಕೊಂಡವರೆಲ್ಲ ಮುಂದಿನ ಮರವನ್ನು ಗರಗಸದಿಂದ ಕೊಯ್ದು, ನಳಿಕೆಯನ್ನು ಗಿಡ್ಡ ಮಾಡಿ, ಮೇಲೆ ತೂತು ಕೊರೆದು ದುರ್ಬೀನು ಕೂಡಿಸಿ ಜಿಂಕೆ ಬೇಟೆಗೆ ಒಯ್ಯುತ್ತಿದ್ದರು. ಹಗುರವಾಗುತ್ತಿತ್ತು, ಅನುಕೂಲವಾಗುತ್ತಿತ್ತು. ಕಾಕಾ ಮಾತ್ರ ಕೊಯ್ಯಲಿಲ್ಲ. ಪ್ರತಿ ನವೆಂಬರದಲ್ಲಿ ಕಾರ್ಖಾನೆಯ ನಾಲ್ವರು ಉತ್ತರದ ಕಾಡಿಗೆ ಹೋಗುವಾಗ ಈ ಇಡೀ ಭಾರವನ್ನು ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದರು. ಉಳಿದವರು ‘ಸೋಲ್ಜರ್’ ಎಂದು ರೇಗಿಸುತ್ತಿದ್ದರಂತೆ.

“ಯಾಕ ಕೊಯ್ಯಲಿಲ್ಲ ಕಾಕಾ?”

“ಯಾವನೋ ಒಬ್ಬ ಲೇಥ್ ಮುಂದ ನಿಂತು ಕೂದಲ ಎಳಿ ಲೆಕ್ಕಕ್ಕ ಕಡದಿರ್ತಾನ. ಅದಕ್ಕ ನಾ ಗರಗಸ ಹಚ್ಚಲೇನ?”

“ಬೇಟಿ?”

“ಅವ್ರು ಮಾಡ್ತಿದ್ರು. ನಾ ಉಪ್ಪಿಟ್ಟ ಮಾಡ್ತಿದ್ದೆ.” ನಕ್ಕರು. “ಕಾಡ ನೋಡಾಕ ಹೋಗ್ತಿದ್ದೆ. ಹೆಗಲಿಗೆ ಬಂದೂಕ ಇದ್ರ ನನ್ನೂ ಗುಂಪಿನ್ಯಾಗ ಹಿಡೀತಿದ್ರು. ಇಲ್ಲಾಂದ್ರ ಶಿಫ್ಟ್ ಮುಗದ ಮ್ಯಾಲ ಯಾರವಾ ನನ್ನ ಮಾತಾಡಸಾವ್ರು, ಆವಾಗ?”

ಆಗ ನಾನು ಆ ಗೆರೆಗಳನ್ನು ನೋಡಿದೆ. ಉಕ್ಕಿನ ಎಡಮಗ್ಗುಲಲ್ಲಿ, ಕಾರ್ಖಾನೆಯ ಅಚ್ಚು ಒತ್ತಿದ ಚಪ್ಪಟೆ ಜಾಗದಲ್ಲಿ, ಮಸುಕು ಕಂದುಬಣ್ಣದ ಮೂರು ಅಡ್ಡಗೆರೆ. ತುಕ್ಕು ಕಚ್ಚಿದ ಹಾಗೆ.

ಖಂಡೇ ಪೂಜೆಯ ದಿನ, ಅಂದರೆ ಆಯುಧಪೂಜೆಗೆ, ಕಾಕು ಮಿಕ್ಸರು, ಕಾರು, ಕಾಕಾನ ಅಳತೆಯ ಉಪಕರಣ ಎಲ್ಲಕ್ಕೂ ಇಬತ್ತಿ ಹಚ್ಚುತ್ತಿದ್ದರು, ಕಡೆಗೆ ಬಂದೂಕಿಗೆ. ನೀರಿನಲ್ಲಿ ಕಲಸಿದ ವಿಭೂತಿ, ಮೂರು ಬೆರಳು, ಎಡದಿಂದ ಬಲಕ್ಕೆ. ಮರುದಿನ ಬನ್ನಿ ಕೊಡುವವರೆಗೆ ಒರೆಸುವಂತಿರಲಿಲ್ಲ. ಪ್ರತಿ ವರ್ಷ ಅದೇ ಜಾಗ. ತೇವ ಉಕ್ಕಿನ ಕಪ್ಪು ಲೇಪವನ್ನು ತಿಂದು ತಿಂದು ಗೆರೆ ಕೂತಿತ್ತು. ಇದೆಲ್ಲ ನನಗೆ ಆ ದಿನ ಗೊತ್ತಿರಲಿಲ್ಲ. ಕಾಕಾ ಹೇಳಿದ್ದು ಆಮೇಲೆ, ಪಿಕರಿಂಗಿನಿಂದ ಮರಳುವ ದಾರಿಯಲ್ಲಿ. ಆ ದಿನ ನನಗೆ ಕಂಡದ್ದು ಕೊಳೆ.

ಹಳೆಯ ಬಂದೂಕುಗಳ ಸಂತೆ

ಊರಾಚೆ ಒಂದು ಮೈದಾನದ ದೊಡ್ಡ ಹಾಲಿನಲ್ಲಿ ಭಾನುವಾರ ಬಂದೂಕಿನ ಸಂತೆ ಇತ್ತು. ಮಾರುಕಟ್ಟೆ ಹೇಗಿದೆ ನೋಡಿ ಬರೋಣ ಎಂದು ಕಾಕಾ ನನ್ನನ್ನು ಕರೆದೊಯ್ದರು. ನಾನು ಸಿನಿಮಾದಂಥದ್ದೇನನ್ನೋ ಊಹಿಸಿ ಹೆದರಿದ್ದೆ. ಒಳಗೆ ಹೋದರೆ ನಮ್ಮ ವಿದ್ಯಾವರ್ಧಕ ಸಂಘದ ಪುಸ್ತಕ ಮೇಳ ಇದ್ದಂತಿತ್ತು. ಉದ್ದನೆಯ ಮೇಜು, ಮೇಲೆ ಬಟ್ಟೆ, ಹಿಂದೆ ಕನ್ನಡಕದ ಹಿರಿಯರು, ಥರ್ಮಾಸಿನಲ್ಲಿ ಕಾಫಿ. ಒಬ್ಬ ಅಜ್ಜಿ ಕಾರ್ಟ್ರಿಜ್ ಡಬ್ಬಿಗಳ ನಡುವೆ ಕೂತು ಕಾಲುಚೀಲ ಹೆಣೆಯುತ್ತಿದ್ದಳು.

ಎರಡು ಸಾಲು ಮೇಜುಗಳ ತುಂಬ ಅಕ್ರೋಟ್ ಮರದ ಹಿಡಿಯ ಬಂದೂಕುಗಳು. ಮರದ ನಾರು ಬೆಳಕಿಗೆ ಜೇನುತುಪ್ಪದಂತೆ ಕಾಣುತ್ತಿತ್ತು. ಅಲ್ಲಿ ಯಾರೂ ನಿಂತಿರಲಿಲ್ಲ. ಜನವೆಲ್ಲ ಆಚೆ ಮೂಲೆಯಲ್ಲಿ, ಬೂದಿಬಣ್ಣದ ಪ್ಲಾಸ್ಟಿಕ್ ಹಿಡಿ, ತುಕ್ಕು ಹಿಡಿಯದ ನಳಿಕೆಯ ಹೊಸ ಬಂದೂಕುಗಳ ಮುಂದೆ. ಮಳೆಗೆ ಹೆದರಬೇಕಿಲ್ಲ, ಎಣ್ಣೆ ಹಚ್ಚಬೇಕಿಲ್ಲ, ಭಾರವಿಲ್ಲ, ದುರ್ಬೀನು ಕೂಡಿಸಲು ಮೊದಲೇ ಜಾಗವಿದೆ. ಗುಂಡಿನ ಅಳತೆಯೂ ಹೊಸದು. ಹಳೆಯ ಅಳತೆಯ ಗುಂಡು ಹುಡುಕಿಕೊಂಡು ಅಲೆಯುವ ತಾಳ್ಮೆ ಈಗಿನವರಿಗಿಲ್ಲ ಎಂದು ಮೇಜಿನ ಹಿಂದಿನ ಒಬ್ಬ ಮುದುಕ ನನಗೆ ಹೇಳಿದ. ಅಪ್ಪಂದಿರು ತೀರಿಕೊಂಡ ಮೇಲೆ ಮಕ್ಕಳು ಇವನ್ನು ತಂದು ಸುರಿಯುತ್ತಾರೆ, ಕೊಳ್ಳುವವರಿಲ್ಲ ಎಂದ. ಅಪ್ಪನ ಕೈಯಲ್ಲಿ ಅದು ಎಷ್ಟೊಂದು ಬೆಲೆಯದಾಗಿತ್ತೆಂದು ಮಕ್ಕಳಿಗೆ ನೆನಪಿರುತ್ತದೆ, ಅದೇ ತೊಂದರೆ ಎಂದೂ ಸೇರಿಸಿದ.

ನನಗೆ ನಮ್ಮ ಓಣಿಯ ಭಾಂಡೆಯವಳ ನೆನಪಾಯಿತು. ಹಿತ್ತಾಳೆ, ತಾಮ್ರ ಕೊಟ್ಟರೆ ಫಳಫಳ ಸ್ಟೀಲು ಕೊಡುತ್ತಿದ್ದಳು. ಅವ್ವ ಅಜ್ಜಿಯ ಕಾಲದ ಕೊಡ, ಹಂಡೆ, ಗಂಗಾಳ ಎಲ್ಲವನ್ನೂ ಕೊಟ್ಟು ಸ್ಟೀಲಿನ ಡಬ್ಬಿ ತಗೊಂಡು ಒಂದು ವಾರ ಸಂತೋಷದಲ್ಲಿದ್ದಳು. ಈಗ ಅಂಥದೇ ಹಂಡೆಗಳನ್ನು ಬೆಂಗಳೂರಿನ ಹೋಟೆಲುಗಳು ಬಾಗಿಲಲ್ಲಿಟ್ಟು ಹೂ ತೇಲಿಬಿಡುತ್ತವೆ.

ಕಾಕಾ ಒಂದು ಮೇಜಿನ ಮುಂದೆ ನಿಂತುಬಿಟ್ಟಿದ್ದರು. ಅಲ್ಲಿ ಅವರದರಂಥವೇ ಏಳೆಂಟು, ಎಲ್ಲವೂ ಕೊಯ್ದವು. ಕೊಯ್ದ ಮರದ ತುದಿಯನ್ನು ಕೆಲವರು ದುಂಡಗೆ ಉಜ್ಜಿದ್ದರು, ಕೆಲವರು ಅದನ್ನೂ ಮಾಡಿರಲಿಲ್ಲ.

“ಕೊಯ್ಯದ್ದು ಇದ್ರ ತಗೊಂಡ್ ಬರ್ರಿ ಅಂತಾನ ಇಂವ,” ಎಂದರು ಕಾಕಾ, ದನಿಯಲ್ಲಿ ಮುಚ್ಚಿಟ್ಟರೂ ಮುಚ್ಚದ ಹೆಮ್ಮೆ. “ಮೊದಲ ಹೆಂಗಿತ್ತೋ ಹಂಗ ಇದ್ದದ್ದು ಬೇಕಂತ. ಈಗ ಅದರ ಕಾಲ ಬಂದೈತಿ.”

“ಆವಾಗ ನಕ್ಕವರು ಈಗ ಬಂದು ನೋಡಬೇಕಿತ್ತು.”

“ಅವ್ರೆಲ್ಲಿ ಅದಾರವಾ.” ಸ್ವಲ್ಪ ದೂರ ನಡೆದ ಮೇಲೆ ಹೇಳಿದರು, “ರೊಕ್ಕದ್ದು ಬ್ಯಾರೆ. ನಂದ ಒಂದ ಮಾತು. ಕೊಯ್ಯಾವ್ರ ಕೈಗೆ ಕೊಡೂದಿಲ್ಲ.”

ಖಂಡೇ ಪೂಜೆಯ ಹಿಂದಿನ ದಿನ

ಕಾಕಾ ಬಂದೂಕಿನ ಫೋಟೋಗಳನ್ನು ಪಿಕರಿಂಗಿನ ಹರ್ಜೀತ್ ಎಂಬ ವ್ಯಾಪಾರಿಗೆ ಕಳಿಸಿದರು. ಎರಡೇ ದಿನದಲ್ಲಿ ಅವನ ಫೋನು. ಕೊಳ್ಳುವವರೊಬ್ಬರಿದ್ದರು, ನಿವೃತ್ತ ಶಾಲಾ ಶಿಕ್ಷಕಿ. ಯುದ್ಧದ ಕಾಲದಲ್ಲಿ ಅವರ ತಾಯಿ ಆ ಸರೋವರದ ದಂಡೆಯ ಕಾರ್ಖಾನೆಯಲ್ಲಿ ಲೇಥಿನ ಮುಂದೆ ನಿಂತು ದುಡಿದಿದ್ದರಂತೆ. ಅಲ್ಲಿಂದ ಹೊರಬಿದ್ದಂತೆಯೇ ಇರುವ, ಯಾರೂ ಕೈಹಚ್ಚದ ಒಂದು ಬಂದೂಕು ಅವರಿಗೆ ಬೇಕಿತ್ತು. ಅದಕ್ಕಾಗಿಯೇ ಲೈಸೆನ್ಸ್ ಪರೀಕ್ಷೆ ಬರೆದಿದ್ದರು.

ಕಾಕಾ ಫೋನಿಟ್ಟು ಮೊಣಕಾಲು ತಿಕ್ಕಿಕೊಂಡರು. “ಲೇಥ್ ಮ್ಯಾಲ ಹೆಣಮಗಳು,” ಎಂದರು. “ನಾ ಗಂಡಸು ಅನ್ಕೊಂಡಿದ್ನಲ್ಲ ಇಷ್ಟ ದಿನ.” ಆಮೇಲೆ ನನ್ನತ್ತ ತಿರುಗಿದರು. “ನಾಡದ ಖಂಡೇ ಪೂಜಿ. ಆಕಿ ಹ್ವಾದ ಮ್ಯಾಲ ಮಾಡೇ ಇಲ್ಲ. ನೀ ಹೆಂಗೂ ಇದ್ದಿ, ಈ ಸಲ ಮಾಡಿ ಕಳಸೂನು.”

ಮರುದಿನ ಶನಿವಾರ. ಪೂಜೆಯ ಹಿಂದಿನ ದಿನ ನಮ್ಮ ಮನೆಗಳಲ್ಲಿ ಏನು ಮಾಡುತ್ತಾರೆ? ಪೂಜೆಗೆ ಇಡುವುದನ್ನೆಲ್ಲ ತಿಕ್ಕಿ ತೊಳೆಯುತ್ತಾರೆ. ಈಳಿಗೆ, ಕುಡುಗೋಲು, ಹಾರೆ, ತಕ್ಕಡಿ. ತಿಕ್ಕದ್ದನ್ನು ದೇವರ ಮುಂದೆ ಇಡುವುದುಂಟೆ? ಕಾಕೂನ ಡಬ್ಬಿಗಳಲ್ಲಿ ಕರ್ರಗಾದ ಹುಣಸೆಹಣ್ಣು ಸಿಕ್ಕಿತು. ಬೆಳಿಗ್ಗೆ ದೀಪದ ಸಮೆ, ಆರತಿತಟ್ಟೆ ತಿಕ್ಕಿದೆ. ಮಧ್ಯಾಹ್ನ ಊಟವಾದ ಮೇಲೆ ಬೇಸ್‌ಮೆಂಟಿಗೆ ಇಳಿದೆ. ಬಂದೂಕು ಪುಟ್ಟ ಬೀಗದ ಸಮೇತ ಮೇಜಿನ ಮೇಲೇ ಇತ್ತು. ಕಾಕಾ ಪಕ್ಕದ ಆರಾಮಕುರ್ಚಿಯಲ್ಲಿದ್ದರು. ಕಣ್ಣು ಮುಚ್ಚಿತ್ತು. ಅಥವಾ ಅರ್ಧ ತೆರೆದಿತ್ತು.

ಆ ಶಿಕ್ಷಕಿಯ ಕೈಗೆ ಕೊಳೆಯ ಬಂದೂಕು ಹೋಗಬಾರದು ಎಂದೂ ನನ್ನ ತಲೆಯಲ್ಲಿತ್ತು. ಹುಣಸೆಹಣ್ಣು, ಉಪ್ಪು, ಹಸಿರು ಸ್ಕ್ರಬ್ಬರು. ಮೂರು ಗೆರೆಗಳು ಸುಲಭಕ್ಕೆ ಹೋಗಲಿಲ್ಲ. ಹುಳಿಯನ್ನು ಹಚ್ಚಿ ಬಿಟ್ಟು, ಮತ್ತೆ ತಿಕ್ಕಿ, ಮತ್ತೆ ಹಚ್ಚಿದೆ. ಗೆರೆಗಳ ಜತೆಗೆ ಕಪ್ಪೂ ಬಿಟ್ಟಿತು. ಕೆಳಗಿನಿಂದ ಬೆಳ್ಳಗೆ ಉಕ್ಕು ಬಂತು. ಅಂಗೈಯಗಲ ಜಾಗ ಆರತಿತಟ್ಟೆಯಷ್ಟೇ ಹೊಳೆಯಿತು. ಒರೆಸಿ, ಕೊಬ್ಬರಿಎಣ್ಣೆ ಸವರಿ, ತೃಪ್ತಿಯಿಂದ ನೋಡಿದೆ. ಆ ತೃಪ್ತಿ ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ. ಅದರಲ್ಲಿ ಯಾವ ಅನುಮಾನವೂ ಇಲ್ಲ.

ಭಾನುವಾರ ಬೆಳಿಗ್ಗೆ ಪೂಜೆಗೆ ಕೂತಾಗ ಕಾಕಾ ಬಂದೂಕನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಹೆಬ್ಬೆರಳನ್ನು ಆ ಬಿಳಿ ಜಾಗದ ಮೇಲೆ ಒಮ್ಮೆ ಆಡಿಸಿದರು. ಒಂದು ವಿಮಾನ ಬಂತು, ಹೋಯಿತು.

“ಬೆಳ್ಳಗ ಆಗೇತಿ,” ಎಂದರು.

“ಹೌದಲ್ರೀ ಕಾಕಾ? ಗೆರಿ ಪೂರಾ ಹೋದೂವು.”

“ಹೂಂ. ಹಚ್ಚು ಇಬತ್ತಿ.”

ಹಚ್ಚಿದೆ. ಹೊಳೆಯುವ ಉಕ್ಕಿನ ಮೇಲೆ ನನ್ನ ಮೂರು ಬೆರಳು ಸರಿಯಾಗಿ ಕೂಡಲಿಲ್ಲ, ಎಣ್ಣೆಗೆ ಜಾರಿದವು. ನಡುವಿನ ಗೆರೆ ಸೊಟ್ಟಗಾಯಿತು.

ಪಿಕರಿಂಗ್

ದಾರಿಯುದ್ದಕ್ಕೂ ಮೇಪಲ್ ಮರಗಳು ಕೆಂಪಾಗಿದ್ದವು. ನಾನು ಫೋಟೋ ತೆಗೆಯುತ್ತ, ಆ ಊರಿನ ಅಣುಸ್ಥಾವರ ಎಲ್ಲಿ ಕಾಣುತ್ತದೆ ಎಂದು ಕೇಳುತ್ತ, ಕಾಕಾ ಯಾಕೆ ಇಷ್ಟು ಸುಮ್ಮನಿದ್ದಾರೆ ಎಂದು ಒಮ್ಮೆಯೂ ಯೋಚಿಸದೆ ಕೂತಿದ್ದೆ.

ಹರ್ಜೀತನ ಅಂಗಡಿ ಒಂದು ಪ್ಲಾಜಾದಲ್ಲಿ, ತೆರಿಗೆ ತುಂಬಿಕೊಡುವವರಿಗೂ ಷವರ್ಮಾ ಅಂಗಡಿಗೂ ನಡುವೆ. ನಲವತ್ತರ ಆಚೀಚಿನ ಸರ್ದಾರ. ಕಾಕಾನನ್ನು ಕಂಡವನೇ “ಆಯಿಯೇ ಅಂಕಲ್‌ಜೀ” ಎಂದು ಕೌಂಟರಿನ ಈಚೆ ಬಂದು ಕಾಲು ಮುಟ್ಟಿದ. ನನಗೆ ಚಹಾ ಹೇಳಿದ. ಚೀಲ ಬಿಚ್ಚಿ ಬಂದೂಕನ್ನು ಹಸಿರು ಬಟ್ಟೆಯ ಮೇಲಿಟ್ಟ. ಮರವನ್ನು ನೋಡಿದ, ನಳಿಕೆಯ ತುದಿ ನೋಡಿದ, ತಲೆದೂಗಿದ. ಎಡಮಗ್ಗುಲಿಗೆ ತಿರುಗಿಸಿದ.

ತಿರುಗಿಸಿದವನು ಫೋನು ತೆಗೆದು ಕಾಕಾ ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ, ಬಂದೂಕಿನ ಪಕ್ಕದಲ್ಲಿ ಇಟ್ಟ. ಫೋಟೋದಲ್ಲಿ ಕಪ್ಪು ಉಕ್ಕು, ಮೂರು ಗೆರೆ, ಗೆರೆಗಳ ಅಂಚಿನಲ್ಲಿ ಕಾರ್ಖಾನೆಯ ಅಚ್ಚು. ಬಟ್ಟೆಯ ಮೇಲೆ ಬಿಳಿ ಕಲೆ. ಅಚ್ಚಿನ ಅಕ್ಷರಗಳ ತಳ ಸವೆದು ಓದಲು ತಡವರಿಸುವಂತಿತ್ತು.

“ಅಂಕಲ್‌ಜೀ, ಯೇ ಕಿಸ್ನೆ ಕಿಯಾ?” ಯಾರು ಮಾಡಿದರು ಎಂದು ಕೇಳುತ್ತಿದ್ದಾನೆ ಎಂಬುದು ತಿಳಿಯಲು ನನಗೆ ಹಿಂದಿ ಬೇಕಾಗಿರಲಿಲ್ಲ.

ಚಹಾದ ಲೋಟ ನನ್ನ ಕೈಯಲ್ಲಿತ್ತು. ನಾನು ಬಾಯಿ ತೆರೆದಿದ್ದೆ ಎಂದುಕೊಂಡಿದ್ದೇನೆ. ದಿನಚರಿಯಲ್ಲಿ ಹಾಗೆ ಇಲ್ಲ.

“ಮೈನೇ,” ಎಂದರು ಕಾಕಾ. “ಪೂಜಾ ಥಾ ನಾ. ಮೈನೇ ಸಾಫ್ ಕಿಯಾ.” ಪೂಜೆಯಿತ್ತಲ್ಲ, ನಾನೇ ತಿಕ್ಕಿದೆ ಎಂದು.

ಹರ್ಜೀತ್ ಅವರನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ನಿಧಾನವಾಗಿ ವಿವರಿಸಿದ, ಹೆಚ್ಚಾಗಿ ನನಗೆ. ತಮ್ಮಲ್ಲೂ ದಸರೆಗೆ ಶಸ್ತ್ರಪೂಜೆ ಇದೆ, ಫೋಟೋ ನೋಡಿದ ಕ್ಷಣವೇ ಆ ಗೆರೆಗಳು ಏನೆಂದು ತನಗೆ ತಿಳಿದಿತ್ತು, ಶಿಕ್ಷಕಿಗೂ ಹೇಳಿದ್ದೆ, ಅವರು ಕೇಳಿ ಇನ್ನೂ ಸಂತೋಷಪಟ್ಟಿದ್ದರು ಎಂದ. ತುಕ್ಕು ಇದ್ದರೆ ಅದು ವಯಸ್ಸು, ಅದಕ್ಕೆ ಯಾರೂ ಬೇಸರಿಸುವುದಿಲ್ಲ. ತಿಕ್ಕಿದರೆ ಅದು ತಿದ್ದುಪಡಿ. ಹೋದ ಕಪ್ಪನ್ನು ಮತ್ತೆ ಹಚ್ಚಿಸಬಹುದು, ಆದರೆ ಆಗ ಅದು ಹಚ್ಚಿಸಿದ ಕಪ್ಪು. ಈ ವ್ಯಾಪಾರದಲ್ಲಿ ಮುಟ್ಟಿದ್ದು, ಮುಟ್ಟದ್ದು ಎಂಬ ಎರಡೇ ಜಾತಿ.

ಅವನು ಶಿಕ್ಷಕಿಗೆ ಹೊಸ ಫೋಟೋ ಕಳಿಸಿದ. ನಾವು ಕಾದೆವು. ಚಹಾ ಆರಿತು. ಗೋಡೆಯ ಮೇಲಿನ ಜಿಂಕೆಯ ತಲೆ ನನ್ನನ್ನೇ ನೋಡುತ್ತಿತ್ತು. ಉತ್ತರ ಬಂದಾಗ ಅದು ಸೌಜನ್ಯದಿಂದಲೇ ತುಂಬಿತ್ತು. ತಾಯಿಯ ಕಾರ್ಖಾನೆಯ ಅಚ್ಚನ್ನು ಬೆರಳಿನಿಂದ ಮುಟ್ಟಿ ಓದಬೇಕೆಂಬುದು ತಮ್ಮ ಆಸೆಯಾಗಿತ್ತು, ಕ್ಷಮಿಸಬೇಕು, ಇನ್ನೊಂದಕ್ಕಾಗಿ ಕಾಯುತ್ತೇನೆ ಎಂದು ಬರೆದಿದ್ದರು.

ಇನ್ನೊಬ್ಬ ಗಿರಾಕಿ ಇದ್ದ. ನಗರದ ಉತ್ತರಕ್ಕಿರುವ ಒಬ್ಬ ಎಲೆಕ್ಟ್ರಿಷಿಯನ್, ಮೊದಲ ಸಲ ಬೇಟೆಗೆ ಹೊರಟವನು. ಹೊಸದು ಕೊಳ್ಳುವಷ್ಟು ಇಲ್ಲ, ಹಳೆಯದಾದರೂ ಸರಿ. ಮುಂದಿನ ಮರ ಕೊಯ್ದು, ತೂತು ಕೊರೆದು ದುರ್ಬೀನು ಕೂಡಿಸಿಕೊಳ್ಳುತ್ತಾನೆ. ಹರ್ಜೀತ್ ಇದನ್ನು ಹೇಳುವಾಗ ಕಾಕಾನ ಮುಖ ನೋಡಲಿಲ್ಲ. ಮುಟ್ಟದ ಬಂದೂಕನ್ನು ಕೊಯ್ಯಲು ಈಗ ಯಾರಿಗೂ ಮನಸ್ಸು ಬರುವುದಿಲ್ಲ, ಒಮ್ಮೆ ಮುಟ್ಟಿದ ಮೇಲೆ ಯಾರೂ ಅಡ್ಡ ಬರುವುದಿಲ್ಲ ಎಂದ. ಬೇಕಾದರೆ ಅಂಗಡಿಯಲ್ಲೇ ಇಟ್ಟುಕೊಳ್ಳುತ್ತೇನೆ, ಗೋಡೆಗೆ ಹಾಕುತ್ತೇನೆ ಎಂದೂ ಹೇಳಿದ.

“ಗ್ವಾಡಿಗೆ ಹಾಕಿದ್ರ ಅದು ಬಂದೂಕಲ್ಲ, ಕ್ಯಾಲೆಂಡರ್,” ಎಂದರು ಕಾಕಾ ನನಗೆ, ಕನ್ನಡದಲ್ಲಿ. ಹರ್ಜೀತನಿಗೆ ಅರ್ಥವಾಗದಿರಲಿ ಎಂದೇ ಇರಬೇಕು.

“ಕಾಕಾ, ಕೊಯ್ಯಾವ್ರಿಗೆ ಕೊಡೂದಿಲ್ಲ ಅಂದಿದ್ರಿ.”

“ಅಂದಿದ್ದೆ.” ಜೇಬಿನಿಂದ ಲೈಸೆನ್ಸಿನ ಕಾರ್ಡು ತೆಗೆದರು. “ಕಾಡಿಗೆರ ಹೋಗ್ತೈತಿ. ಬೀರುದಾಗ ಎರಡ ವರ್ಷ ಕತ್ತಲಾಗಿತ್ತು ಅದಕ್ಕ.”

ಸಹಿ ಮಾಡುವ ಮೊದಲು ಬಂದೂಕನ್ನು ಒಮ್ಮೆ ಎತ್ತಿಕೊಂಡರು. ಬಿಳಿ ಕಲೆಯ ಮೇಲೆ ಮೂರು ಬೆರಳಿಟ್ಟರು. ನಾನು ಆಗ ಕಿಟಕಿಯಾಚೆ ನೋಡುತ್ತಿದ್ದೆ. ಹಾಗಾದರೆ ಅವರು ಬೆರಳಿಟ್ಟದ್ದು ನನಗೆ ಹೇಗೆ ಗೊತ್ತು? ಇದನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು.

ಹಿಂದಿರುಗುವಾಗ ಕಾರಿನಲ್ಲಿ ಕೇಳಿದೆ, ಆ ಗೆರೆಗಳು ಹೇಗೆ ಬಂದವು ಎಂದು. ಆಗಲೇ ಹೇಳಿದ್ದು. ಕಾಕೂನ ಬೆರಳು, ಇಬತ್ತಿ, ತೇವ, ವರ್ಷ ವರ್ಷ. ಹವಾಮಾನ ಹೇಳುವ ದನಿಯಲ್ಲಿ ಹೇಳಿದರು. ಸೀರೆ, ಹೊಲಿಗೆ ಯಂತ್ರ, ಡಬ್ಬಿ ಎಲ್ಲವನ್ನೂ ನಾನೇ ನನ್ನ ಕೈಯಾರೆ ಹಂಚಿ ಮುಗಿಸಿದ್ದೆ. ಅಂಥ ಗುರುತು ಆ ಮನೆಯಲ್ಲಿ ಇನ್ನೊಂದು ಉಳಿದಿರಲಿಲ್ಲ.

“ಅಂಗಡ್ಯಾಗ ಯಾಕ ನನ್ನ ಹೆಸರ ಹೇಳಲಿಲ್ಲ?”

“ಪರದೇಶಕ್ಕ ಬಂದ ಹೆಣಮಗಳನ್ನ ನಾಕ ಮಂದ್ಯಾಗ ಬೈಸಲೇನ?” ಎಂದು ರೇಡಿಯೋ ಹಾಕಿದರು.

ಯೂನಿಯನ್‌ವಿಲ್

ನಾನು ಹೊರಡುವ ಹಿಂದಿನ ವಾರ ಕಾಕಾನ ಸಂಸಾರ ಯೂನಿಯನ್‌ವಿಲ್‌ನ ಒಂದು ಕೋಣೆಯಲ್ಲಿ ಹಿಡಿಸಿತು. ಇದು ಅಂದಗೊಳಿಸಿದ ಊರು. ಹಳೆಯ ಬೀದಿಯ ಮನೆಗಳನ್ನು ಹಳೆಯದಾಗಿಯೇ ಇಡಲು ಜನ ಬಹಳ ಕಷ್ಟಪಡುತ್ತಾರೆ. ಒಂದು ಬಾಗಿಲಿನ ಬಣ್ಣ ಬದಲಿಸಬೇಕಾದರೂ ಅರ್ಜಿ ಹಾಕಬೇಕು ಎಂದು ವಿದ್ಯಾ ಹೇಳಿದಾಗ ನಾನು ತಲೆ ತಗ್ಗಿಸಿದೆ. ಬೀದಿಯ ತುದಿಗೆ ಕೊಳ, ಕೊಳದಲ್ಲಿ ಬಾತುಕೋಳಿ. ಇಲ್ಲಿ ವಿಮಾನಗಳು ಬಹಳ ಮೇಲೆ ಹೋಗುತ್ತವೆ. ಆದರೂ ಕಾಕಾ ಮಾತಿನ ನಡುವೆ ಒಮ್ಮೊಮ್ಮೆ ನಿಲ್ಲಿಸುತ್ತಿದ್ದರು.

ರಾತ್ರಿಯೂಟಕ್ಕೆ ವಿದ್ಯಾ ಸಾರು ಮಾಡಲು ನಿಂತಿದ್ದಳು. “ಸುನಂದಕ್ಕ, tamarind ಎಷ್ಟ ಹಾಕ್ಲಿ?”

“ಡಬ್ಬಿ ಜ್ವಾಕಿ,” ಎಂದರು ಕಾಕಾ ಒಳಗಿನಿಂದ. “ಆಕಿ ಕೈಗೆ ಕೊಡಬ್ಯಾಡ. ಕುಕ್ಕರ್ ತಿಕ್ಕಿ ಇಟ್ಟಾಳು.”

ವಿದ್ಯಾಗೆ ಏನೂ ಗೊತ್ತಿರಲಿಲ್ಲ. “What's so funny, Appa?” ಎಂದಳು. ಕಾಕಾ ನಗುತ್ತಲೇ ಇದ್ದರು. ನಾನೂ ನಕ್ಕೆ. ನಕ್ಕು ಬಚ್ಚಲಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತೆ.

ಧಾರವಾಡ

ಮನೆಗೆ ಬಂದು ದಿನಚರಿಯ ಆ ಶನಿವಾರದ ಪುಟ ತೆಗೆದೆ. ನಾಲ್ಕೇ ಸಾಲಿದೆ: ‘ಹುಣಸೆಹಣ್ಣು ಸಿಕ್ಕಿತು. ಸಮೆ, ತಟ್ಟೆ ತಿಕ್ಕಿದೆ. ಮಧ್ಯಾಹ್ನ ಬಂದೂಕು. ಚೆನ್ನಾಗಿ ಬಂತು.’

ನನ್ನ ನೆನಪಿನಲ್ಲಿ ಇನ್ನೂ ಒಂದಿಷ್ಟಿದೆ. ಬೇಸ್‌ಮೆಂಟಿನ ಮೆಟ್ಟಿಲ ಕೊನೆಗೆ ನಾನು ಬಟ್ಟಲು ಹಿಡಿದು ನಿಂತಿದ್ದೇನೆ. “ಕಾಕಾ, ಬಂದೂಕೂ ತಿಕ್ಕಲೇನ?” ಎಂದು ಕೇಳುತ್ತೇನೆ. ಕುರ್ಚಿಯಲ್ಲಿದ್ದ ಕಾಕಾ ಕಣ್ಣು ತೆರೆಯದೆ “ಹೂಂ, ತಿಕ್ಕವಾ” ಎನ್ನುತ್ತಾರೆ. ಸ್ಪಷ್ಟವಾಗಿ ಕೇಳುತ್ತದೆ ಅವರ ದನಿ. ನನ್ನ ಮೂರು ಶಬ್ದ, ಅವರ ಎರಡು ಶಬ್ದ, ನಡುವೆ ಶಾಂತಿ, ಹೊರಗೂ ಒಳಗೂ ಏನೂ ಸದ್ದಿಲ್ಲ.

ಆ ಶಾಂತಿಯೇ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಶನಿವಾರ ಮಧ್ಯಾಹ್ನ ಮಾಲ್ಟನ್ನಿನ ಆ ಮನೆಯಲ್ಲಿ ಯಾವ ಮಾತೂ ಅಷ್ಟು ಶಾಂತವಾಗಿ ನಡೆದದ್ದು ನಾನು ಕಂಡಿಲ್ಲ. ವಿಮಾನವಿಲ್ಲದ ಮಾತು ಅಲ್ಲಿ ನಡೆದದ್ದೋ, ಧಾರವಾಡದ ಈ ಕೋಣೆಯಲ್ಲಿ ಕೂತು ನಾನು ನನಗಾಗಿ ಮಾಡಿಕೊಂಡದ್ದೋ?

ಕೇಳಿದ್ದು ನಿಜವಾದರೆ ಹರ್ಜೀತನ ಮುಂದೆ ಕಾಕಾ ಹೇಳಿದ್ದರಲ್ಲಿ ಅರ್ಧವಾದರೂ ಸತ್ಯ. ಕೇಳದಿದ್ದರೆ ಅದು ಅವರು ನನಗಾಗಿ ಹೊತ್ತದ್ದು, ನಾನು ಚಹಾ ಕುಡಿಯುತ್ತ ಹೊರಿಸಿದ್ದು.

ಧ್ವನಿಸಂದೇಶದಲ್ಲಿ ಕೇಳಿದೆ. ಕೇಳಿಸಿಕೊಂಡಿದ್ದಾರೆ, ಗುರುತು ನೀಲಿಯಾಗಿದೆ. ಅದಾದ ಮೇಲೆ ಕಾಕಾ ಹೆಪ್ಪುಗಟ್ಟಿದ ಕೊಳದ ಫೋಟೋ ಕಳಿಸಿದರು, ಮೊಣಕಾಲಿನ ಸುದ್ದಿ ಕಳಿಸಿದರು, ಸಂಕ್ರಮಣಕ್ಕೆ ಎಳ್ಳುಬೆಲ್ಲದ ಚಿತ್ರ ಕಳಿಸಿದರು. ಇನ್ನೊಮ್ಮೆ ಕೇಳುವ ಧೈರ್ಯ ನನಗಿಲ್ಲ. ನಾನು ಕೇಳಿದ್ದು ಇಷ್ಟೇ:

“ಕಾಕಾ, ಅವತ್ತ ತಿಕ್ಕೂಕಿಂತ ಮೊದಲ ನಾ ನಿಮ್ಮನ್ನ ಕೇಳಿದ್ನೋ, ಇಲ್ಲೋ?”